ಯಾರ ಮಗಳು, ಹೇಳು

ಶಾಲೆ ಉದ್ಧಾರವಾಗಬೇಕಾದರೆ ಏನು ಬೇಕು ಎಂದು ಪೋಷಕರನ್ನು ಕೇಳಲು ಅರಸೀಕೆರೆಯಿಂದ ಜೀಪು ಬರುತ್ತದೆ ಎಂಬ ಸುದ್ದಿ ಕೇಳಿ ಶಿಲ್ಪಶ್ರೀಗೆ ಮೈಯೆಲ್ಲ ಉರಿಯಿತು. ಕೇಳುವುದೇನಿದೆ ಮಣ್ಣು! ಹೆಣ್ಣುಮಕ್ಕಳ ಶೌಚಾಲಯಕ್ಕೆ ಜಡಿದಿರುವ ಬೀಗ ತೆಗೆಯಬೇಕು, ಅಷ್ಟೇ. ಅದಕ್ಕೆ ಜೀಪೂ ಬೇಡ, ಶಾಮಿಯಾನವೂ ಬೇಡ.

ಏಳನೇ ಕ್ಲಾಸಿನ ಅವಳ ಮಗಳು ಮೇಘಶ್ರೀ ಒಂದು ಗುಟುಕು ನೀರೂ ಕುಡಿಯದೆ ಶಾಲೆಗೆ ಹೋಗುತ್ತಿದ್ದಳು. ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಜಾಗವಿಲ್ಲ. ಸಂಜೆ ಬಂದವಳೇ ಚೀಲ ಎಸೆದು ಹಿತ್ತಲಿಗೆ ಓಡುತ್ತಿದ್ದಳು. ಹೋದ ತಿಂಗಳು ಚಳಿಜ್ವರ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಉಚ್ಚೆ ತಡೆದು ಬಂದ ಜ್ವರವೆಂದು ಡಾಕ್ಟರಮ್ಮ ಬೈದದ್ದು ಮಗಳನ್ನಲ್ಲ, ತಾಯಿಯನ್ನು. ಮೀಟಿಂಗಿನ ಸುದ್ದಿ ಕೇಳಿದ್ದೇ ಗಂಡ ಕುಮಾರ ತೀರ್ಮಾನ ಮಾಡಿಬಿಟ್ಟಿದ್ದ.

"ಈ ಮೀಟಿಂಗಲ್ಲಿ ಬೀಗ ತೆಗುಸ್ದ್ರೆ ಸರಿ. ಇಲ್ದಿದ್ರೆ ಟಿಸಿ ಈಸ್ಕೊಂಡು ಮನೇಲಿ ಕೂರುಸ್ತೀನಿ. ಓದಿ ಕಡ್ದು ಕಟ್ಟೆ ಹಾಕಿದ್ದು ಸಾಕು."

ಒಮ್ಮೆ ಆಡಿದ ಮಾತಿನಿಂದ ಹಿಂದೆ ಸರಿಯುವ ಆಸಾಮಿ ಅವನಲ್ಲ. ಮಗಳು ಕ್ಲಾಸಿಗೇ ಮುಂದಿದ್ದಳು, ಹೈಸ್ಕೂಲಿಗೆ ಕಣಕಟ್ಟೆಗೆ ಬಸ್ಸಿನಲ್ಲಿ ಹೋಗುವ ಕನಸು ಕಾಣುತ್ತಿದ್ದಳು. ಅವಳನ್ನು ಒಲೆಯ ಮುಂದೆ ಕೂರಿಸಲು ಶಿಲ್ಪಶ್ರೀ ತಯಾರಿರಲಿಲ್ಲ.

ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಜನ ತುಂಬಿದಂತೆ ಕಾಣಲಿ, ಚಪ್ಪಾಳೆಗೂ ಆಗಲಿ ಎಂದು ಏಳನೇ ಕ್ಲಾಸಿನ ಮಕ್ಕಳನ್ನು ಹಿಂದೆ ಕೂರಿಸಿದ್ದರು. ಜೀಪಿನಿಂದ ಇಳಿದ ಅಧಿಕಾರಿ ಉಷಾರಾಣಿ ನಗುತ್ತಾ, "ಯಾರೂ ಸಂಕೋಚ ಪಟ್ಕೋಬೇಡಿ. ನಿಮ್ಮ ಅಭಿಪ್ರಾಯವೇ ನಮಗೆ ಮುಖ್ಯ," ಎಂದರು. ಅವರ ಪಕ್ಕದಲ್ಲೇ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಲಕ್ಕಪ್ಪ ಬೀಗರ ಉಪಚಾರಕ್ಕೆ ನಿಂತವನಂತೆ ಎಳನೀರು ಕೊಚ್ಚಿ ಕೊಚ್ಚಿ ಕೊಡುತ್ತಿದ್ದ. "ಇನ್ನೊಂದು ತಗಳ್ಳಿ ಮೇಡಮ್ಮೋರೆ, ನಮ್ ತೋಟದ್ದೇ. ಬ್ಯಾಡ ಅನ್ಬಾರ್ದು."

ಅಭಿಪ್ರಾಯಗಳು ಬಂದವು. ಲಕ್ಕಪ್ಪನಿಗೆ ಗೇಟಿಗೊಂದು ಕಮಾನು ಬೇಕು, ಅದರ ಮೇಲೆ ದಾನಿಗಳ ಹೆಸರು ಇರಬೇಕು. ಒಬ್ಬನಿಗೆ ಇಂಗ್ಲಿಷ್ ಬೇಕು, ಇನ್ನೊಬ್ಬನಿಗೆ ಗೋಡೆಗೆ ಬಣ್ಣ ಬೇಕು. ಗಂಡಸರ ಬಾಯಿ ಮುಚ್ಚುವ ಹಾಗೆ ಕಾಣಲಿಲ್ಲ. ಶಿಲ್ಪಶ್ರೀ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಮೇಡಮ್ಮೋರೆ, ಹೆಣ್ಮಕ್ಕಳ ಶೌಚಾಲಯಕ್ಕೆ ಬೀಗ ಹಾಕವ್ರೆ. ಈ ವರ್ಸ ಸ್ಕೂಲು ಶುರುವಾದಾಗಿಂದ ತೆಗ್ದಿಲ್ಲ."

ಮುಖ್ಯೋಪಾಧ್ಯಾಯ ನಟರಾಜ್ ತಟ್ಟನೆ ಎದ್ದು ನಿಂತರು. "ಬೀಗದ ಕೈ ಎಲ್ಲೋ ಕಳೆದುಹೋಗಿದೆ ಮೇಡಂ. ಹೊಸದು ತರಿಸ್ತಾ ಇದ್ದೀವಿ."

"ಕಳ್ದೋಗಿದ್ರೆ ಒಡೀರಿ ಮೇಷ್ಟ್ರೇ. ಊರಲ್ಲಿ ಕಲ್ಲಿಗೂ ಬರವಾ?"

ಲಕ್ಕಪ್ಪ ಮಚ್ಚು ಕೆಳಗಿಟ್ಟ. "ಏನಮ್ಮಾ, ಮೇಷ್ಟ್ರಿಗೇ ತಿರುಗ್ ಬೀಳ್ತೀಯ? ದೊಡ್ಡೋರು ಬಂದಾಗ ಕಕ್ಕಸಿನ ಮಾತು ಎತ್ತೀಯಲ್ಲ, ಊರ ಮರ್ವಾದೆ ಏನಾಗ್ಬೇಕು?"

"ನಿಮ್ ಮರ್ವಾದೆ ಉಳ್ಸಾಕೇ ಮಕ್ಕಳು ಬೆಳಗಿಂದ ಸಂಜೆಗಂಟ ಕಟ್ಕೊಂಡು ಕೂತವ್ರೆ ಲಕ್ಕಪ್ಪಣ್ಣ."

"ಯಾವ ಮಗೀಗೆ ಏನಾಗೈತೆ? ಯಾರೂ ಬಂದು ಹೇಳಿಲ್ವಲ್ಲ! ಸುಮ್ನೆ ಬಾಯಿಗ್ ಬಂದಂಗೆ ಮಾತಾಡ್ಬ್ಯಾಡ. ಯಾರ ಮಗಳು, ಹೇಳು."

ಶಿಲ್ಪಶ್ರೀ ಉಳಿದ ತಾಯಂದಿರ ಕಡೆ ನೋಡಿದಳು. ಹಾಲಿನ ಡೇರಿ ಹತ್ತಿರ "ನಾವೂ ಎದ್ದು ನಿಲ್ತೀವಿ ಕಣೇ" ಎಂದು ಕೊಚ್ಚಿಕೊಂಡಿದ್ದವರೆಲ್ಲ ಈಗ ತಲೆ ತಗ್ಗಿಸಿ ಸೆರಗಿನ ಅಂಚು ಹೊಸೆಯುತ್ತಿದ್ದರು. ಥೂ, ಇವರ ಜನ್ಮಕ್ಕೆ! ಅವಳ ಸಿಟ್ಟು ನೆತ್ತಿಗೇರಿತು. ಮಾತು ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ.

"ನನ್ ಮಗಳೇ, ಮೇಘಶ್ರೀ! ತಡ್ದೂ ತಡ್ದೂ ಕಾಯ್ಲೆ ಬಂದೈತೆ. ಏಳನೇ ಕ್ಲಾಸಿನ ಹುಡ್ಗಿ ಹಾಸಿಗೇಲಿ ಉಚ್ಚೆ ಹೊಯ್ಕತ್ತಾವ್ಳೆ. ಸಾಕಾ?"

ಹಿಂದೆ ಕೂತಿದ್ದ ಮಕ್ಕಳ ಕಡೆಯಿಂದ ಕಿಸಕ್ಕೆಂಬ ನಗು ಬಂತು. ಒಬ್ಬರಿಂದ ಇನ್ನೊಬ್ಬರಿಗೆ ಹಬ್ಬಿತು.

"ಹಂಗಾರೆ ಅದು ನಿಮ್ ಮನೆ ವಿಸ್ಯ," ಎಂದ ಲಕ್ಕಪ್ಪ. ಗಂಡಸರೂ ನಕ್ಕರು. ಉಷಾರಾಣಿ ಮುಖ ಗಂಟಿಕ್ಕಿ, "ಗಮನಿಸ್ತೀವಮ್ಮ, ಕೂತ್ಕೊಳ್ಳಿ," ಎಂದು ಮತ್ತೆ ಕಮಾನಿನ ವಿಷಯಕ್ಕೆ ಹೋದರು. ಶಿಲ್ಪಶ್ರೀ ಕೂರಲಿಲ್ಲ, ಕಂಬಕ್ಕೆ ಒರಗಿ ಹಲ್ಲು ಕಚ್ಚಿಕೊಂಡು ನಿಂತಳು.

ಲಕ್ಕಪ್ಪನ ಎಳನೀರು ಸುಮ್ಮನಿರಬೇಕಲ್ಲ. ಸಭೆ ಮುಗಿಯುವ ಮೊದಲೇ ಉಷಾರಾಣಿ ಕುರ್ಚಿಯಲ್ಲಿ ಚಡಪಡಿಸತೊಡಗಿದರು. ಕೊನೆಗೆ ನಟರಾಜರ ಕಿವಿಯಲ್ಲಿ ಏನೋ ಹೇಳಿದರು. ಮೇಷ್ಟ್ರು ಹಿಂದೆಮುಂದೆ ನೋಡದೆ ಪ್ಯಾಂಟಿನ ಜೇಬಿಗೆ ಕೈ ಹಾಕಿ ಬೀಗದ ಕೈ ತೆಗೆದರು. ಇಬ್ಬರೂ ಶಾಲೆಯ ಹಿಂದಕ್ಕೆ ಹೋದರು. ಶಿಲ್ಪಶ್ರೀ ಹಿಂದೆಯೇ ಹೋದಳು.

ಹೊರಗೆ ಬಂದ ಉಷಾರಾಣಿ ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಪರವಾಗಿಲ್ಲ ಮೇಷ್ಟ್ರೇ, ತುಂಬಾ ಕ್ಲೀನಾಗಿ ಇಟ್ಟಿದ್ದೀರ," ಎಂದರು.

"ಬೀಗ ಹಾಕಿರೋದ್ರಿಂದ ಮೇಡಂ," ಎಂದರು ನಟರಾಜ್ ಹೆಮ್ಮೆಯಿಂದ. ಆಮೇಲೆ ಶಿಲ್ಪಶ್ರೀಯನ್ನು ಕಂಡು ನಾಲಿಗೆ ಕಚ್ಚಿಕೊಂಡರು.

"ಸಿಕ್ತಾ ಮೇಷ್ಟ್ರೇ ಬೀಗದ ಕೈ?" ಎಂದವಳೇ ಅವರ ಕೈಯಿಂದ ಬೀಗ ಕಿತ್ತುಕೊಂಡು ಬೇಲಿಯಾಚೆಯ ಪೊದೆಗೆ ಬೀಸಿ ಎಸೆದಳು. "ಇನ್ನೊಂದು ತಂದ್ರೆ ಅದೂ ಅಲ್ಲಿಗೇ!"

ಓಡಿಬಂದ ಲಕ್ಕಪ್ಪ ಬೊಬ್ಬೆ ಹಾಕಿದ. "ಸರ್ಕಾರದ ಆಸ್ತಿ ಕಣಮ್ಮಾ ಅದು! ಕಂಪ್ಲೇಂಟ್ ಕೊಡ್ತೀನಿ."

"ಕೊಡು ಹೋಗು. ನಾನೇ ಎಸ್ದೆ ಅಂತ ಬರ್ಸು. ನಿನ್ ಗೊಡ್ಡು ಬೆದರಿಕೆಗೆ ಹೆದ್ರೋಳಲ್ಲ ನಾನು."

ಉಷಾರಾಣಿ ಯಾರ ಮುಖವನ್ನೂ ನೋಡಲಿಲ್ಲ. "ಇನ್ಮೇಲೆ ಬೀಗ ಹಾಕಬಾರದು," ಎಂದಷ್ಟೇ ಹೇಳಿ ಜೀಪು ಹತ್ತಿದರು. ಗೆದ್ದೆ ಎಂದುಕೊಂಡಳು ಶಿಲ್ಪಶ್ರೀ. ಕುಮಾರನಿಗೆ ಈ ಕತೆ ಹೇಳುವಾಗ ಅವನ ಮುಖ ಹೇಗಾಗಬಹುದೆಂದು ನೆನೆದು ಅವಳಿಗೆ ಬೆಳಗಿನಿಂದ ಮೊದಲ ಸಲ ನಗು ಬಂತು.

ಗಂಟೆ ಹೊಡೆದದ್ದೇ ತಡ, ಹುಡುಗಿಯರು ಓಡಿಬಂದು ಸಾಲು ನಿಂತರು. ಡೇರಿಯ ಹತ್ತಿರ ಕೊಚ್ಚಿಕೊಂಡವರ ಮಕ್ಕಳೂ ಇದ್ದರು. ಶಿಲ್ಪಶ್ರೀ ಬಾಗಿಲ ಪಕ್ಕ ಕುಳಿತು ತನ್ನ ಮಗಳಿಗಾಗಿ ಕಾದಳು. ಎಲ್ಲರೂ ಹೋದ ಮೇಲೆ ಮೇಘಶ್ರೀ ಚೀಲ ಹೆಗಲಿಗೇರಿಸಿಕೊಂಡು ಬಂದಳು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು.

"ಹೋಗವ್ವ ಒಳಗೆ. ಇನ್ನು ಬೀಗ ಇಲ್ಲ."

ಹುಡುಗಿ ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. "ಹಾಸಿಗೆ ವಿಷ್ಯ ಯಾಕಮ್ಮ ಹೇಳ್ದೆ?"

"ಹೇಳ್ದೆ ಇದ್ದಿದ್ರೆ ಇವ್ರು ಬೀಗ ತೆಗೀತಿದ್ರೇನೇ?"

"ನೀನು ಹೇಳಿದ್ಮೇಲೂ ತೆಗೀಲಿಲ್ಲ. ಆ ಮೇಡಂಗೆ ಅರ್ಜೆಂಟಾಯ್ತು ಅಂತ ತೆಗುದ್ರು." ಅವಳು ಚೀಲವನ್ನು ಹೆಗಲ ಮೇಲೆ ಸರಿಪಡಿಸಿಕೊಂಡಳು. "ನಾಳೆಯಿಂದ ನಾನು ಬರಲ್ಲ. ಟಿಸಿ ಈಸ್ಕೊಂಬಾ ಅಂತ ಅಪ್ಪಂಗೆ ನಾನೇ ಹೇಳ್ತೀನಿ."

ಮೇಘಶ್ರೀ ಗೇಟು ದಾಟಿ ಹೋದಳು. ಅವಳನ್ನು ತಡೆಯಲು ದಡಬಡಿಸಿ ಎದ್ದ ಶಿಲ್ಪಶ್ರೀ ಗೇಟಿನ ತನಕ ಓಡಿ ನಿಂತಳು.