ಕೆಂಪು ಗೆರೆಯ ಕೆಳಗೊಂದು ಸೂರು

ಕಂಪನಿಯವರು ಬಂಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆದು ಹೋಗಿ ಆರು ವರ್ಷವಾಗಿತ್ತು. ಕೆಳಗೆ ಕಣಿವೆ ಕಿರಿದಾಗುವಲ್ಲಿ ಅಣೆಕಟ್ಟು ಎದ್ದರೆ ಮರಾನ್ಯೋನ್ ಹೊಳೆಯ ನೀರು ಆ ಗೆರೆಯವರೆಗೆ ನಿಲ್ಲುತ್ತದಂತೆ. ಆರು ವರ್ಷದಲ್ಲಿ ಅಣೆಕಟ್ಟಿನ ಒಂದು ಕಲ್ಲೂ ಬಂದು ಬಿದ್ದಿರಲಿಲ್ಲ. ಆದರೂ ಗೆರೆಯ ಕೆಳಗೆ ಯಾರೂ ಹೊಸ ಗೋಡೆ ಎಬ್ಬಿಸಿರಲಿಲ್ಲ. ಮದುವೆಯಾದವರು ಅಪ್ಪನ ಮನೆಯ ಮೂಲೆಗೆ ತಟ್ಟಿ ಕಟ್ಟಿಕೊಂಡು ಮಲಗುತ್ತಿದ್ದರು. ನನ್ನ ಮಗಳು ನೊಯೆಮಿ ಬಸುರಿಯಾದಾಗ ನಾನು ಗಂಡನಿಗೆ ಹೇಳಿದೆ, ಈ ಕೂಸು ತಟ್ಟಿಯ ಹಿಂದೆ ಹುಟ್ಟುವುದಿಲ್ಲ.

ಜಾಗ ನಮ್ಮದೇ. ಕೋಕೋ ತೋಟದ ಅಂಚು, ಹೊಳೆಗೆ ನಲವತ್ತು ಹೆಜ್ಜೆ. ನನ್ನ ಅಜ್ಜ ಆ ನೆಲದಲ್ಲಿ ಜಮೀನ್ದಾರನ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಮಲಗಿದವನು. ಸರ್ಕಾರ ದೊಡ್ಡ ಜಮೀನುಗಳನ್ನು ಒಡೆದು ಹಂಚಿದ ವರ್ಷ ಅವನು ಮಾಡಿದ ಮೊದಲ ಕೆಲಸವೆಂದರೆ ಆ ಗಂಟೆಯನ್ನು ತೆಪ್ಪದ ಮೇಲಿಟ್ಟು ನಡುಹೊಳೆಗೆ ಒಯ್ದು ಮುಳುಗಿಸಿದ್ದು. ಬೇಸಿಗೆಯಲ್ಲಿ ನೀರು ತಿಳಿಯಾದಾಗಲೂ ಅದು ಕಾಣುವುದಿಲ್ಲ. ಹೊಳೆ ಅದನ್ನು ಎಂದೋ ಕೆಳಗಿನ ಕಾಡಿಗೆ ಉರುಳಿಸಿಕೊಂಡು ಹೋಗಿರಬೇಕು. ಹಿಮದ ಕೆರೆಗಳಿಂದ ಬಂಡೆ ಕೊರೆದುಕೊಂಡು ಬಂದ ನೀರಿಗೆ ಒಂದು ಗಂಟೆ ಏನು ಭಾರ.

ಹೊಳೆಯ ಮೆಕ್ಕಲಿಗೆ ಹುಲ್ಲು ಸೇರಿಸಿ ತುಳಿದು, ಇಟ್ಟಿಗೆ ಒಣಗಿಸಿ ಗೋಡೆ ಎಬ್ಬಿಸಿದ್ದು ನಾನು, ಗಂಡ ಅಬೆಲಿನೊ, ಅಳಿಯ, ಮೂವರೇ. ಗೋಡೆಗೆ ಮೂವರು ಸಾಕು. ಸೂರಿಗೆ ಸಾಲದು. ಸೂರನ್ನು ಊರೆಲ್ಲ ಸೇರಿ ಒಂದೇ ಹಗಲಲ್ಲಿ ಮುಚ್ಚಬೇಕು. ಕೊನೆಯ ಹೆಂಚು ಇಡುವ ಮೊದಲು ಒಬ್ಬ ಹಿರಿಯ ನೆತ್ತಿಗೆ ಹತ್ತಿ ಶಿಲುಬೆ ಕಟ್ಟಬೇಕು. ಕಟ್ಟಿದವನು ಮನೆಯವರಿಗೆ ಕೊಂಪಾದ್ರೆ ಆಗುತ್ತಾನೆ, ಒಡಹುಟ್ಟಿದವನಿಗಿಂತ ಒಂದು ಕೈ ಹೆಚ್ಚು. ಶಿಲುಬೆಯಿಲ್ಲದ ಸೂರಿನ ಕೆಳಗೆ ನಮ್ಮಲ್ಲಿ ಕೋಳಿಯನ್ನೂ ಕೂಡಿಹಾಕುವುದಿಲ್ಲ.

ಆ ಹಿರಿಯರನ್ನು ಬಾಯಲ್ಲಿ ಕರೆಯುವ ಪದ್ಧತಿಯಿಲ್ಲ. ಹುರಿದ ಗಿನಿಹಂದಿ, ಶೇಂಗಾ ಮಸಾಲೆಯಲ್ಲಿ ಬೆಂದ ಆಲೂಗಡ್ಡೆ, ತಟ್ಟೆಗೆ ಬಟ್ಟೆ ಮುಚ್ಚಿ ಅವರ ಮನೆಗೆ ಒಯ್ಯುತ್ತೇವೆ. ತಿಂದರೆ ಒಪ್ಪಿದ ಹಾಗೆ. ಬಟ್ಟೆ ತೆಗೆಯದೆ ಹಿಂದಕ್ಕೆ ಕೊಟ್ಟರೆ ಇಲ್ಲವೆಂದು. ತಿಂದು ಹಿಂದೆ ಸರಿದವರನ್ನು ನಾನು ಕಂಡಿಲ್ಲ.

ಸೂರಿನ ದಿನ ಬೆಳಿಗ್ಗೆ ತಟ್ಟೆಯನ್ನು ಊರಿನ ಕಾವಲು ಪಡೆಯ ಮುಖಂಡ ದೊನ್ ಫ್ಲಾವಿಯಾನೊ ಮನೆಗೆ ಒಯ್ದೆ.

"ಬಟ್ಟೆ ತೆಗೀಬೇಡ ಸೆಲ್ಮೀರ. ವಾಸನೆ ಬಂದ್ರೆ ಸೋತೋಗ್ತೀನಿ," ಎಂದ.

"ಸೋಲಿ ದೊಡ್ಡಪ್ಪ. ಅದಕ್ಕೇ ತಂದಿರೋದು."

"ಕಂಪನಿ ಪರಿಹಾರದ ಪಟ್ಟೀಲಿ ನನ್ ಹೆಸರಿದೆ ಕಣಮ್ಮ. ಗೆರೆ ಕೆಳಗೆ ಕಟ್ಟೋರಿಗೆ ಕೈ ಜೋಡಿಸಿದ್ರೆ ಹೆಸರು ಹೊಡೆದುಹಾಕ್ತೀನಿ ಅಂತ ಇಂಜಿನಿಯರ್ ಹೇಳಿದಾನೆ. ಮೇಲ್ಗಡೆ ಬಯಲಲ್ಲಿ ಮನೆ ಕೊಡ್ತಾರಂತೆ. ತಗಡಿನ ಸೂರು."

"ಮೇಲ್ಗಡೆ ನೀರು?"

"ಲಾರೀಲಿ ಬರತ್ತಂತೆ."

"ಕೊಡ ಹಿಡ್ಕೊಂಡು ಲಾರಿ ಕಾಯ್ತಾ ನಿಂತಿರೋ ದೊನ್ ಫ್ಲಾವಿಯಾನೊನ ನೋಡಕ್ಕೆ ನಾನಂತೂ ಬರ್ತೀನಿ."

ಅವನು ನಗಲಿಲ್ಲ. ತಟ್ಟೆಯನ್ನು ಎರಡೂ ಕೈಯಿಂದ ನನ್ನ ಕಡೆಗೆ ತಳ್ಳಿದ.

ತೋಟಕ್ಕೆ ಬಂದರೆ ಹದಿನೈದಿಪ್ಪತ್ತು ಜನ ಸೇರಿದ್ದರು, ಆದರೆ ಮಾವಿನ ಮರದ ನೆರಳಿನಿಂದ ಈಚೆ ಒಬ್ಬರೂ ಇಲ್ಲ. ಎಲ್ಲರ ಕೈಯೂ ಬೆನ್ನ ಹಿಂದೆ.

"ನೋಡಕ್ಕೆ ಬಂದಿದೀವಿ," ಎಂದಳು ಪಕ್ಕದ ಮನೆಯ ಅಸುಂತ. "ನೋಡಿದ್ರೆ ಹೆಸರು ಹೋಗಲ್ಲ ತಾನೆ?"

"ನೋಡಿ ಅಕ್ಕ. ಹೆಂಚು ತಾನಾಗೇ ಹತ್ತಿ ಕೂತ್ಕೊಳತ್ತೇನೋ."

ತಟ್ಟೆಯನ್ನು ಹೆಂಚಿನ ರಾಶಿಯ ಮೇಲಿಟ್ಟು ಏಣಿ ಹಿಡಿದೆ. ನಾವು ಮೂವರೇ ಹೊರಲು ಶುರು ಮಾಡಿದೆವು. ನೊಯೆಮಿ ಹೊಟ್ಟೆ ಹಿಡಿದುಕೊಂಡು ಕೂತು ಎಣಿಸುತ್ತಿದ್ದಳು. ಈ ಲೆಕ್ಕದಲ್ಲಿ ಸೂರು ಮುಚ್ಚಲು ಒಂಬತ್ತು ದಿನ ಬೇಕು ಅನ್ನುವುದು ಅವಳಿಗೂ ತಿಳಿಯಿತು, ನನಗೂ.

ಬಿಸಿಲೇರುವ ಹೊತ್ತಿಗೆ ಇಂಜಿನಿಯರ್ ಬಾರ್ದಾಲೆಸ್ ಬಂದ. ದಾರಿಯಲ್ಲಿ ಗುಡ್ಡ ಜರಿದು ಜೀಪು ಆಚೆಯೇ ನಿಂತಿತ್ತಂತೆ, ಮೂರು ಗಂಟೆ ನಡೆದಿದ್ದ. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಫೈಲು, ಮುಖ ಸುಟ್ಟ ಬದನೆಕಾಯಿ. ಅಬೆಲಿನೊ ಎಂಥವನೆಂದರೆ, ತನ್ನನ್ನು ಹೊರಹಾಕಲು ಬಂದವನಿಗೂ ಮೊದಲು ಮಣೆ ಕೊಡುತ್ತಾನೆ. ಮಣೆ ಕೊಟ್ಟ, ಕುಡಿಯಲು ಕೊಟ್ಟ, ಆಮೇಲೆ ಹೆಂಚಿನ ಮೇಲಿದ್ದ ತಟ್ಟೆಯನ್ನೂ ಕೊಟ್ಟ.

ನಾನು ಏಣಿಯ ಮೇಲಿಂದ ತಿರುಗಿ ನೋಡಿದಾಗ ಇನ್ನೂ ಅರ್ಧ ಉಳಿದಿತ್ತು. ತಡೆಯಬಹುದಿತ್ತು. ತಡೆಯಲಿಲ್ಲ. ಪಾಪ, ಮೂಳೆಯನ್ನೂ ಬಿಡದೆ ಚೀಪಿದ. ಮಾವಿನ ಮರದ ಕೆಳಗೆ ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದರು. ದೊನ್ ಫ್ಲಾವಿಯಾನೊ ಕೂಡ ಯಾವಾಗಲೋ ಬಂದು ಹಿಂದೆ ನಿಂತಿದ್ದ.

"ತಿಂದ," ಎಂದಳು ಅಸುಂತ.

ಇಂಜಿನಿಯರ್ ಬಾಯೊರೆಸಿಕೊಂಡು, "ತುಂಬ ಚೆನ್ನಾಗಿತ್ತಮ್ಮ. ಎಷ್ಟು ಕೊಡ್ಲಿ?" ಎಂದ.

"ದುಡ್ಡು ಬೇಡ ಕೊಂಪಾದ್ರೆ. ಮೇಲೆ ಹತ್ತಿ."

ಏನಾಯಿತೆಂದು ನಾನೇ ಇಳಿದು ಬಂದು ತಿಳಿಸಿದೆ. ಅವನು ನಕ್ಕ, ಯಾರೂ ನಗದಿದ್ದಾಗ ನಿಲ್ಲಿಸಿದ.

"ನಂಗೆ ಗೊತ್ತಿರ್ಲಿಲ್ಲ. ನಾನು ಹತ್ತಿದ್ರೆ ನನ್ ಕೆಲ್ಸ ಹೋಗತ್ತೆ. ಬೇರೆ ಯಾರು ಹತ್ತಿದ್ರೂ ಅವರ ಹೆಸರು ಹೊಡೀಲೇಬೇಕು. ಈ ನಿಯಮ ನಾನು ಮಾಡಿದ್ದಲ್ಲ."

"ಗೊತ್ತಿಲ್ದೆ ತಿಂದ್ರೂ ತಿಂದ ಹಾಗೇ," ಎಂದ ದೊನ್ ಫ್ಲಾವಿಯಾನೊ. "ಹತ್ತಕ್ಕೆ ಆಗ್ದೋನು ತನ್ನ ಬದ್ಲು ಒಬ್ಬನ್ನ ಕಳಿಸ್ಬೋದು. ನಮ್ಮಪ್ಪ ಕಾಲು ಮುರ್ಕೊಂಡಾಗ ಹಂಗೇ ಮಾಡಿದ."

"ಯಾರು ಹೋಗ್ತಾರೆ?" ಎಂದ ಇಂಜಿನಿಯರ್.

"ನಾನು ಈ ಊರು ಕಾಯೋನಪ್ಪ. ನಾನು ಹೆದ್ರಿ ವಾಪಸು ಕೊಟ್ಟ ತಟ್ಟೇನ ಹೊರಗಿನ ಹುಡುಗ ಚೀಪಿ ಚೀಪಿ ತಿಂದ. ಇನ್ನು ನಾನು ಯಾವ ಮುಖ ಇಟ್ಕೊಂಡು ಈ ದಾರೀಲಿ ಓಡಾಡ್ಲಿ? ತೆಗಿ ಪಟ್ಟಿ."

"ಯೋಚ್ನೆ ಮಾಡಿ, ಅಜ್ಜ."

"ಆರು ವರ್ಷ ಮಾಡಿದೀನಿ. ಫ್ಲಾವಿಯಾನೊ ಚಾವೆಸ್ ಮರೀನ್. ಅಪ್ಪನ ಕಡೇದು, ಅಮ್ಮನ ಕಡೇದು, ಎರಡೂ ಹೊಡಿ. ಅರ್ಧ ಹೊಡೆದ್ರೆ ಅರ್ಧ ನಾನು ಮೇಲ್ಗಡೆ ಲಾರಿ ಕಾಯ್ತಾ ಕೂರ್ಬೇಕಾಗತ್ತೆ."

ಇಂಜಿನಿಯರ್ ಆ ಹೆಸರಿನ ಮೇಲೆ ಗೆರೆ ಎಳೆದ. ದೊನ್ ಫ್ಲಾವಿಯಾನೊ ಬಗ್ಗಿ ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿ, ಎಪ್ಪತ್ತರ ಮೊಣಕಾಲಲ್ಲಿ ಏಣಿ ಹತ್ತಿದ.

ಅಸುಂತ ನೆರಳಿನಿಂದ ಈಚೆ ಬಂದಳು. "ನಂದೂ ಹೊಡಿ ಮಗ. ನನ್ ಗಂಡಂದೂ. ಅವನು ಮನೇಲಿ ಮಲಗಿದಾನೆ, ಎದ್ಮೇಲೆ ನಾನು ಹೇಳ್ಕೋತೀನಿ."

ಆಮೇಲೆ ಸಾಲೇ ನಿಂತಿತು. ಒಬ್ಬೊಬ್ಬರೂ ಹೆಸರು ಹೇಳುವುದು, ಅವನು ಹೊಡೆಯುವುದನ್ನು ಕಣ್ಣಾರೆ ನೋಡುವುದು, ಹೆಂಚು ಎತ್ತಿಕೊಳ್ಳುವುದು. ಎಲ್ಲರೂ ಅಲ್ಲ. ಮೂರು ಮನೆಯವರು ತಲೆ ತಗ್ಗಿಸಿ ಮೇಲಿನ ದಾರಿ ಹಿಡಿದರು. ಅವರನ್ನು ಯಾರೂ ಕೂಗಲಿಲ್ಲ. ಅವರಿಗೂ ಮಕ್ಕಳಿದ್ದಾರೆ.

ಮಧ್ಯಾಹ್ನ ಇಳಿಯುವಷ್ಟರಲ್ಲಿ ದೊನ್ ಫ್ಲಾವಿಯಾನೊ ನೆತ್ತಿಯಲ್ಲಿ ಶಿಲುಬೆ ಕಟ್ಟಿ ಕೊನೆಯ ಹೆಂಚು ಕೂರಿಸಿದ. ಇಂಜಿನಿಯರ್ ಕ್ಯಾಮೆರಾ ಎತ್ತಿದ. ಅದು ಅವನ ಕೆಲಸ.

"ಮುಖ ಬರೋ ಹಂಗೆ ತೆಗಿ," ಎಂದ ಮುದುಕ ಮೇಲಿಂದ. "ಬರೀ ಕುಂಡೆ ಬಂದ್ರೆ ನಿಮ್ ಸಾಹೇಬ್ರು ನಂಬಲ್ಲ."

ಹೊರಡುವಾಗ ಇಂಜಿನಿಯರನ ಕೈಗೆ ಬಾಳೆಲೆಯಲ್ಲಿ ಕಟ್ಟಿದ ಊಟ ಕೊಟ್ಟೆ. ಅವನು ತೆಗೆದುಕೊಳ್ಳದೆ ನಿಂತ.

"ಇದನ್ನ ತಿಂದ್ರೆ ಏನರ್ಥ?"

"ಇದು ಬರೀ ಊಟ ಕೊಂಪಾದ್ರೆ. ದಾರಿ ದೂರ ಇದೆ."

ಅವನು ಗೆರೆ ದಾಟಿ ಮೇಲೇರಿ ಮರೆಯಾದ ಮೇಲೆ ದೊನ್ ಫ್ಲಾವಿಯಾನೊ ಏಣಿ ಇಳಿದು, ನಾವು ಇಟ್ಟಿಗೆಗೆಂದು ತುಳಿದು ಉಳಿದ ಮಣ್ಣಿನ ಗುಂಡಿಯ ಬಳಿ ನಿಂತ. ಕಾಲಲ್ಲಿ ಒತ್ತಿ ನೋಡಿದ.

"ಈ ಮಣ್ಣು ಯಾರಿಗಾದ್ರೂ ಬೇಕಾ?"

"ಇಲ್ಲ ದೊಡ್ಡಪ್ಪ. ಯಾಕೆ?"

ಅವನು ಹೊಳೆಯ ಕಡೆಗೆ ನಡೆದ. ನಮ್ಮ ಗೋಡೆಯಿಂದ ಇನ್ನೂ ಹನ್ನೆರಡು ಹೆಜ್ಜೆ ಕೆಳಗೆ ಹೋಗಿ ನಿಂತು, ಹಿಮ್ಮಡಿಯಿಂದ ನೆಲದಲ್ಲಿ ಒಂದು ಮೂಲೆ ಗೀಚಿದ.

"ಅಷ್ಟು ಕೆಳಗಾ?" ಎಂದ ಅಬೆಲಿನೊ.

"ನನ್ ಕಿರೀ ಮಗನಿಗೆ. ಅವನ ಹೆಂಡ್ತಿಗೆ ನೀರು ಹೊತ್ತು ಅಭ್ಯಾಸ ಇಲ್ಲ."

ನಾನು ಲಂಗವನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ ಗುಂಡಿಗೆ ಇಳಿದೆ. ಹುಲ್ಲು ಹಾಕಲು ಅಸುಂತಳನ್ನು ಕೂಗಿದೆ.