ಹಗ್ಗ ಹಿಡಿಯದ ಮರಿಗಳು

ಅಕ್ಕನ ಗಂಡ, ನನ್ನ ಭಾವ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಬೈದರೂ ತಿರುಗಿ ಬೈಯದ ಗಂಡಸನ್ನು ಹೇಗೆ ನಂಬುವುದು? ಒಳಗೊಳಗೇ ಏನೋ ಮಸೆಯುತ್ತಿರುತ್ತಾನೆ. ಅಕ್ಕನಿಗೆ ಹೇಳಿದರೆ, "ಮೊಸರಲ್ಲಿ ಕಲ್ಲು ಹುಡುಕ್ಬೇಡ ಕಣೇ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ನಾವು ಮೂವರೂ ದುಡಿಯುವುದು ಕಪ್ಪೆಚಿಪ್ಪಿನ ಮರಿ ಬೆಳೆಸುವ ಶೆಡ್ಡಿನಲ್ಲಿ. ಮೊಟ್ಟೆಯೊಡೆದ ಮರಿಗಳು ಒಂದಷ್ಟು ದಿನ ತೊಟ್ಟಿಯ ನೀರಿನಲ್ಲಿ ಧೂಳಿನಂತೆ ಅಲೆಯುತ್ತವೆ. ಆಮೇಲೆ ನಾವು ಇಳಿಬಿಟ್ಟ ಹಗ್ಗಕ್ಕೆ ಅಂಟಿಕೊಳ್ಳಬೇಕು. ಅಂಟಿದ್ದು ಬದುಕಿತು, ಅಂಟದ್ದು ತಳಕ್ಕೆ ಬಿತ್ತು. ಅಂಟುವ ತ್ರಾಣ ಬರುವುದು ತಿಂದ ಪಾಚಿಯಿಂದ. ಎಷ್ಟು ತಿಂದವು ಅನ್ನುವುದಕ್ಕಿಂತ ಎಂಥದ್ದು ತಿಂದವು ಅನ್ನುವುದೇ ಮುಖ್ಯ.

ಪಾಚಿ ಅಕ್ಕನ ಪಾಲಿನದು. ಟ್ಯೂಬ್‌ಲೈಟಿನ ಕೋಣೆಯಲ್ಲಿ ಮೊಳದುದ್ದದ ಪ್ಲಾಸ್ಟಿಕ್ ಚೀಲಗಳು; ಒಂದೊಂದಕ್ಕೂ ಮೂಗಿಟ್ಟು ಯಾವುದು ತೊಟ್ಟಿಗೆ, ಯಾವುದು ಚರಂಡಿಗೆ ಎಂದು ಹೇಳುತ್ತಿದ್ದವಳು ಅವಳು. ಒಳ್ಳೆಯ ಪಾಚಿ ಆಗತಾನೆ ಹೆಚ್ಚಿದ ಸೌತೆಕಾಯಿಯಂತೆ ಘಮ್ಮೆನ್ನುತ್ತದಂತೆ. ಅಕ್ಕ ಮೂಸಿ ಹೂಂ ಅಂದರೆ ಮುಗಿಯಿತು, ಮತ್ತೆ ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. ನಮ್ಮ ಶೆಡ್ಡಿನ ಪದ್ಧತಿಯೇ ಅದು. ಹೊರಗಿನ ಕಾಲಿನ ಕೊಳೆ ಸೇರಬಾರದೆಂದು ಆ ಕೋಣೆಗೆ ಅಕ್ಕ ಭಾವ ಬಿಟ್ಟು ಇನ್ಯಾರಿಗೂ ಪ್ರವೇಶವಿರಲಿಲ್ಲ.

ಈ ಸಲ ಎರಡು ತೊಟ್ಟಿ ಮರಿಗಳು ಹಗ್ಗ ಹಿಡಿಯದೆ ಸತ್ತವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸುತ್ತಲೂ ಬೇಕಾದಷ್ಟು ಪಾಚಿ, ಮರಿಗಳ ಹೊಟ್ಟೆ ಮಾತ್ರ ಬರಿದು. ಹೊಟ್ಟೆ ಉರಿದುಹೋಯಿತು ನನಗೆ. ಉಳಿದದ್ದು ಒಂದೇ ತೊಟ್ಟಿ. ಅದೂ ಹೋದರೆ ಶೆಡ್ಡಿಗೆ ಬೀಗ ಹಾಕುವುದಾಗಿ ಯಜಮಾನರು ಹೇಳಿಬಿಟ್ಟಿದ್ದರು. ಬೀಗ ಬಿದ್ದರೆ ಹಿತ್ತಲಿನಲ್ಲಿ ಅವರೇ ಕೊಟ್ಟಿದ್ದ ನಮ್ಮ ಮನೆಯೂ ಹೋದಂತೆಯೇ.

ನೀರು ಸರಿಯಿಲ್ಲ ಅಂದಳು ಅಕ್ಕ. ಯಾರೋ ಬೇಕೆಂದೇ ಅದನ್ನು ಕೆಡಿಸುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಯಾರೋ ಏನು ಬಂತು, ಭಾವನೇ! ಲಾರಿ ಓಡಿಸುವ ಕೆಲಸವೊಂದು ಬೇರೆ ಊರಲ್ಲಿ ಕಾದಿದೆ, ಅಕ್ಕ ಈ ಶೆಡ್ಡು ಬಿಟ್ಟು ಬರಲೊಲ್ಲಳು. ಶೆಡ್ಡೇ ಮುಚ್ಚಿದರೆ ಬರಲೇಬೇಕಲ್ಲ? ಅವನು ಚಹಾ ಕುಡಿಯಲು ಹೋದರೂ ನನ್ನ ಕಣ್ಣು ಹಿಂದೆಯೇ ಹೋಗುತ್ತಿತ್ತು. ಕೈಯಲ್ಲಿ ಬಕೆಟ್ ಕಂಡರಂತೂ ಹತ್ತಿರ ಹೋಗಿ ಇಣುಕುತ್ತಿದ್ದೆ.

ಒಂದು ಬೆಳಿಗ್ಗೆ ಬೇಗ ಹೋಗಿ ಪಂಪಿನ ಮರೆಯಲ್ಲಿ ನಿಂತೆ. ನನ್ನ ಲೆಕ್ಕಾಚಾರ ತಪ್ಪಲಿಲ್ಲ. ಭಾವ ಪಾಚಿ ಕೋಣೆಯಿಂದ ಕಳ್ಳಬೆಕ್ಕಿನಂತೆ ಹೊರಬಂದು, ತುಂಬಿದ ಚೀಲವನ್ನು ಚರಂಡಿಗೆ ಸುರಿಯತೊಡಗಿದ.

"ಸಿಕ್ಕಿಬಿದ್ರಲ್ಲ ಭಾವ!"

"ಮೆಲ್ಲಗೆ, ಮಾರಾಯ್ತಿ. ನಿಮ್ಮಕ್ಕ ಬಂದಾಳು."

"ಬರ್ಲಿ! ಗಂಡನ ಘನಕಾರ್ಯ ಅವಳೂ ನೋಡ್ಲಿ!"

ಅವನು ಚೀಲದ ಬಾಯಿಯನ್ನು ನನ್ನ ಮುಖಕ್ಕೆ ಹಿಡಿದ. "ಮೂಸು."

ಥೂ! ಕೊಳೆತ ಮೊಟ್ಟೆಯ ನಾತ.

"ಇವತ್ತು ತೊಟ್ಟಿಗೆ ಹಾಕೋಕೆ ಅವಳೇ ಆರಿಸಿಟ್ಟಿದ್ದು ಇದು," ಎಂದ ಭಾವ. "ಹೋದ ತಿಂಗಳು ಜ್ವರ ಬಂದು ಹೋದ್ಮೇಲೆ ಅವಳಿಗೆ ವಾಸನೆನೇ ಹತ್ತಲ್ಲ. ಒಲೆ ಮೇಲೆ ಹಾಲು ಸೀದು ಹೋದ್ರೂ ಪಕ್ಕದಲ್ಲೇ ಕೂತಿರ್ತಾಳೆ. ಬಾಯಿ ಬಿಟ್ಟು ಯಾರಿಗೂ ಹೇಳಿಲ್ಲ, ನನಗೂ ಹೇಳಿಲ್ಲ. ಕೆಟ್ಟಿದ್ದನ್ನ ಮರಿಗಳು ಮುಟ್ಟಲ್ಲ, ಕಂಡಾಗ ನಾನೇ ಚೆಲ್ಲಿ ಬೇರೆ ಇಡ್ತೀನಿ. ಎಲ್ಲಾನೂ ನನ್ನ ಕೈಗೆ ಸಿಗುತ್ತಾ?"

"ಸುಳ್ಳು! ಅಕ್ಕ ಹಾಗೆ ಮಾಡೋಳಲ್ಲ!" ಎಂದು ಕಿರುಚಿದೆ.

"ಸುಳ್ಳಲ್ಲ ಕಣೇ."

ತಿರುಗಿದರೆ ಅಕ್ಕ. ಮರಿಗಳಿಗೆ ಉಣಿಸುವ ಬಕೆಟ್ ಕೈಯಲ್ಲೇ ಇತ್ತು. ಗಂಡನ ಕಡೆ ಅವಳು ನೋಡಲಿಲ್ಲ.

"ಇವತ್ತು ಸರಿಹೋಗುತ್ತೆ, ನಾಳೆ ಸರಿಹೋಗುತ್ತೆ ಅಂತ ಕಾದೆ. ಬಣ್ಣ ನೋಡಿ ಆರಿಸ್ತಿದ್ದೆ. ಮರಿ ಸತ್ತಾಗ ನೀರು ಸರಿಯಿಲ್ಲ ಅಂದೆ. ನೀನು ನಂಬಿದೆ."

ನಾನು ಭಾವನ ಕೈಲಿದ್ದ ಚೀಲವನ್ನು ಮತ್ತೊಮ್ಮೆ ಮೂಸಿದೆ.

"ಪೇಪರ್ ಹಾಕೋನಿಂದ ಹಿಡಿದು ನನ್ನ ಗಂಡನ ತನಕ ಎಲ್ಲರನ್ನೂ ಅನುಮಾನಿಸ್ತೀಯಲ್ಲೇ," ಎಂದಳು ಅಕ್ಕ. "ನನ್ನನ್ನ ಒಂದೇ ಒಂದು ಸಲ ಅನುಮಾನಿಸಿದ್ರೆ ಏನಾಗ್ತಿತ್ತೇ? ಆ ಎರಡು ತೊಟ್ಟಿ ಮರಿ ಉಳೀತಿದ್ವು."

ಬಕೆಟ್ಟನ್ನು ನನ್ನ ಕೈಗೆ ತುರುಕಿ ಕೋಣೆಯ ಬಾಗಿಲನ್ನು ತೆರೆದಳು.

"ಕೊನೇ ತೊಟ್ಟಿ ಇನ್ನೂ ಹಸಿದಿದೆ. ಹೋಗು, ನೀನೇ ಮೂಸಿ ಹಾಕು. ನಾನು ಚೆನ್ನಾಗಿದೆ ಅಂದ್ರೂ ನಂಬಬೇಡ."

ಅಳುತ್ತಲೇ ಒಳಗೆ ಹೋಗಿ ಒಂದೊಂದು ಚೀಲಕ್ಕೂ ಮೂಗಿಟ್ಟೆ. ಅಕ್ಕ ಹೊಸ್ತಿಲಾಚೆಯೇ ನಿಂತಿದ್ದಳು.