ಹದಿನಾಲ್ಕು, ಹದಿನೈದರ ನಡುವೆ

ಫ್ಯಾನಿನ ಗಾಳಿಗೆ ಹಾಳೆಯ ಮೂಲೆ ಎದ್ದು ಬಿದ್ದು ಎದ್ದು ಬಿದ್ದು ಮಾಡುತ್ತಿದೆ, ಯಾರಾದರೂ ಅದರ ಮೇಲೊಂದು ಭಾರ ಇಡಬಾರದೇ, ಇಡುವುದಿಲ್ಲ, ಮೇಜಿನ ಸುತ್ತ ಕೂತ ಒಂಬತ್ತು ಜನರ ಕೈಯಲ್ಲೂ ಟೀ ಲೋಟ, ಕೊನೆಗೆ ಅವಳೇ ತನ್ನ ಕನ್ನಡಕದ ಡಬ್ಬಿಯನ್ನು ಇಟ್ಟಳು, ನಕ್ಷೆಯ ಹದಿನಾಲ್ಕನೇ ಹಾಳೆಯ ಮೇಲೆ, ಸರಿಯಾಗಿ ಗುಡ್ಡದ ನೆತ್ತಿಗೆ — ಮತ್ತೆ ಚೀಲಕ್ಕೆ ಕೈ ಹಾಕಿ ತಡಕಾಡಿದಳು, ಸಹಿಯ ಪೆನ್ನು ಎಡಗೈಯಲ್ಲೇ ಇದೆ, ಎಲ್ಲರಿಗೂ ಕಾಣುತ್ತಿದೆ, ಕಾಣಲಿ. ಸಹಿ ಹಾಕಿಬಿಡಿ ಅಮ್ಮ, ಊಟದ ಹೊತ್ತಾಯ್ತು, ಅಂದರು ಸಾಹೇಬರು, ಇದು ಎರಡನೇ ಸಲ. ಇಪ್ಪತ್ತಾರು ವರ್ಷ ಈ ನಕ್ಷೆ ವಿಭಾಗದಲ್ಲಿ ಬೆನ್ನು ಬಗ್ಗಿಸಿ ಗೆರೆ ಎಳೆದವಳಿಗೆ ಊಟದ ಹೊತ್ತು ಯಾವುದೆಂದು ಗೊತ್ತಿಲ್ಲವೇ, ಗಂಟೆ ಇನ್ನೂ ಹನ್ನೆರಡೂ ಕಾಲು. ನಗರದ ಹಸಿರೆಲ್ಲ ಒಂದಕ್ಕೊಂದು ಕೂಡುವ ದಾರಿಯ ನಕ್ಷೆ, ಮೂರು ವರ್ಷದ ಕೆಲಸ, ವಿಭಾಗದ ಮುಖ್ಯಸ್ಥೆಯ ಸಹಿ ಬಿದ್ದರೆ ಮುಗಿಯಿತು, ಆಮೇಲೆ ಇದರಲ್ಲಿ ಇದ್ದದ್ದೇ ಇರುವುದು, ಇಲ್ಲದ್ದು ಇಲ್ಲ, ಗುಡ್ಡದ ತೋಪಿನಿಂದ ಹೊರಟ ಹಸಿರು ಗೆರೆ ಆಸ್ಪತ್ರೆಯ ಹಿತ್ತಲು ಹಾಯ್ದು, ಶಾಲೆಯ ಮೈದಾನದ ಬೇಲಿಗುಂಟ ಬಂದು, ಹಳೇ ಸ್ಮಶಾನದ ಗೋಡೆ ಬಳಸಿ, ಕಾಲುವೆಯ ದಂಡೆ ಹಿಡಿದು ಕೆರೆಗೆ ಇಳಿಯುತ್ತದೆ — ಇಳಿಯಬೇಕು, ಆದರೆ ಹದಿನಾಲ್ಕು ಮತ್ತು ಹದಿನೈದನೇ ಹಾಳೆ ಸೇರುವಲ್ಲಿ ಅರ್ಧ ಇಂಚು ಬಿಳಿ. ಅದೊಂದು ಬಿಳಿ ಬಿಟ್ಬಿಡಿ, ಅಲ್ಲಿ ರಸ್ತೆ ಪಕ್ಕ ಕಾರು ನಿಲ್ಲಿಸೋ ಕಟ್ಟಡ ಬರುತ್ತೆ, ಇಷ್ಟುದ್ದ ಹಸಿರಲ್ಲಿ ಇನ್ನೂರು ಅಡಿ ಏನು ಮಹಾ ಅಂತ ಮೊನ್ನೆ ಕೋಣೆಗೆ ಕರೆದು ಹೇಳಿದ್ದರು. ಏನು ಮಹಾ! ಏಣಿಯ ನಡುವಿನ ಎರಡು ಮೆಟ್ಟಿಲು ಕಿತ್ತು, ಮಿಕ್ಕದ್ದು ಗಟ್ಟಿಯಾಗಿದೆಯಲ್ಲ, ಹತ್ತಿ ಎಂದ ಹಾಗೆ. ಮೂರು ಸಭೆಗಳು ಒಪ್ಪಿದ ಗೆರೆ ಅದು, ಬಿಳಿ ಮಾತ್ರ ಸಾಹೇಬರ ಬಾಯಿಮಾತು, ಆ ಬಾಯಿಮಾತಿಗೆ ಹೆದರಿ ಬಿಳಿ ಬಿಟ್ಟದ್ದೂ ಆಯಿತು, ಇವಳ ಕೈಯೇ, ಈ ಕೈಯೇ, ಥೂ.

ಬಿಳಿ ಅಂದರೆ ಖಾಲಿ, ಯಾರು ಬೇಕಾದರೂ ಬಂದು ಕೂರಬಹುದು, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಇಪ್ಪತ್ತು ವರ್ಷದ ಹಿಂದೆಯೂ ಇದೇ ಎರಡು ಹಾಳೆ, ಇದೇ ಅಂಚು. ಕೆಲಸ ಕಲಿಸಿದ ಹಿರಿಯರು ಹೇಳಿದ್ದು ಕಿವಿಯಲ್ಲೇ ಇದೆ — ಅಂಚಿಗೆ ಕಾಲಿಂಚು ಇರೋವಾಗಲೇ ಗೆರೆ ನಿಲ್ಲಿಸಮ್ಮ, ಅಂಚು ಪಕ್ಕದ ಹಾಳೆಯವನದು, ನೀನೂ ಕೈ ಹಾಕಿದರೆ ಎರಡೆರಡು ಗೆರೆ ಬಿದ್ದು ಗಲೀಜಾಗುತ್ತೆ — ನಿಲ್ಲಿಸಿದಳು, ಹೇಳಿದ ಮಾತು ಕೇಳುವ ಜಾಣೆ, ಪಕ್ಕದ ಮೇಜಿನಲ್ಲಿ ಹದಿನೈದನೇ ಹಾಳೆ ಬರೆಯುತ್ತಿದ್ದವನು ಸ್ಕೇಲು, ಉದ್ದಕ್ಕೆ ಸಪೂರ ಇದ್ದನೆಂದು ಇಡೀ ಕಚೇರಿ ಹಾಗೇ ಕರೆಯುತ್ತಿತ್ತು, ಅವನೂ ಅದೇ ಗುರುವಿನ ಶಿಷ್ಯ, ಅವನೂ ಕಾಲಿಂಚು ಮೊದಲೇ ನಿಲ್ಲಿಸಿದ, ಇವಳು ಬರೀತಾಳೆ ಅಂತ ಅವನು, ಅವನು ಬರೀತಾನೆ ಅಂತ ಇವಳು, ಅಷ್ಟರಲ್ಲಿ ಕಾಲುವೆ ದಂಡೆಯ ನಲವತ್ತು ಮರ ಯಾರ ಹಾಳೆಗೂ ಸೇರದೆ ಬೀದಿಪಾಲಾದವು. ರಸ್ತೆ ವಿಭಾಗದವರು ನಕ್ಷೆಯಲ್ಲಿ ಬಿಳಿ ನೋಡಿದರು, ಖಾಲಿ ಜಾಗ ಅಂದರು, ಒಂದೇ ವಾರ, ಮರ ಉರುಳಿತು, ರಸ್ತೆ ಬಂತು, ರಸ್ತೆಯ ಎರಡೂ ಕಡೆ ಬೋಳು ನೆಲ. ಯಾರೂ ಬೈಯಲಿಲ್ಲ, ಒಬ್ಬರಾದರೂ ಬೈದಿದ್ದರೆ ಎಷ್ಟೋ ವಾಸಿ ಇತ್ತು, ಸ್ಕೇಲು ಮಾತ್ರ ಒಂದು ದಿನ ಪೆನ್ಸಿಲು ಚೂಪು ಮಾಡುತ್ತ — ಕೊಡಲಿ ಮುಟ್ಟದೇನೇ ನಲವತ್ತು ಮರ ಕಡಿದ್ವಲ್ಲ ನಾವಿಬ್ರೂ — ಅಂದು ನಕ್ಕ, ನಗು ಅರ್ಧಕ್ಕೇ ನಿಂತಿತು, ಇವಳು ಪೆನ್ಸಿಲಿನ ಸಿಪ್ಪೆ ಬಳಿದು ಬುಟ್ಟಿಗೆ ಹಾಕಿದಳು.

ಆ ರಸ್ತೆಯ ಈಚೆಗೆ ಇವಳ ಮನೆ, ಮನೆಯಲ್ಲಿ ಅತ್ತೆ, ಆಚೆಗೆ ಕೆರೆ, ಕೆರೆಯ ಕಲ್ಲಿನ ಮೇಲೆ ಅತ್ತೆಯ ಇಬ್ಬರು ಗೆಳತಿಯರು. ಮರವಿದ್ದಾಗ ಅತ್ತೆ ಮೂರು ಗಂಟೆಯ ಬಿಸಿಲಲ್ಲೂ ನೆರಳಲ್ಲೇ ನಡೆದು ಅಲ್ಲಿಗೆ ಹೋಗಿ ಊರ ಸುದ್ದಿಯೆಲ್ಲ ಹರಟಿ ಬರುತ್ತಿದ್ದರು, ರಸ್ತೆ ಬಂದ ಮೇಲೆ ಅಂಚಿನ ತನಕ ಹೋಗುವುದು, ನಿಲ್ಲುವುದು, ಒಂದು ಕಾಲು ಎತ್ತುವುದು, ಲಾರಿ ಬರುವುದು, ಕಾಲು ಹಿಂದಕ್ಕೆ. ಗೆಳತಿಯರಲ್ಲಿ ಒಬ್ಬರು ತೀರಿಕೊಂಡ ಸುದ್ದಿ ಎಂಟು ದಿನ ತಡವಾಗಿ ಬಂತು, ಇನ್ನೂರು ಅಡಿ, ಏನು ಮಹಾ. ಒಂದು ಸಂಜೆ ಇವಳೂ ಜೊತೆಗೆ ಹೋಗಿದ್ದಳು, ಪಕ್ಕದ ಪೊದೆಯಿಂದ ಮುಂಗುಸಿ ಬಂತು, ಗುಡ್ಡದ ಕಡೆಯಿಂದ ಕೆರೆಗೆ ಹೊರಟದ್ದಿರಬೇಕು, ರಸ್ತೆಯಂಚಿಗೆ ಬಂದು ಒಂದು ಮುಂಗಾಲು ಎತ್ತಿ ನಿಂತುಬಿಟ್ಟಿತು, ಆ ಕಡೆ ನೋಡಿತು, ಈ ಕಡೆ ನೋಡಿತು, ಎತ್ತಿದ ಕಾಲು ಎತ್ತಿದ ಹಾಗೇ, ಅತ್ತೆ ಮೊಣಕೈಯಲ್ಲಿ ತಿವಿದರು, ನೋಡೇ, ಅದರ ಪಾಡೂ ನನ್ನದೇ, ಎತ್ತಿದ ಕಾಲು ಇಡೋಕೆ ಜಾಗ ಇಲ್ಲ, ಯಾವ ಪುಣ್ಯಾತ್ಮ ಈ ರಸ್ತೆಗೆ ಗೀಟು ಹಾಕಿದನೋ ಅವನ ಕೈಗೆ ಕಜ್ಜಿ ಬರ. ಇವಳು ಕೈಯೆರಡನ್ನೂ ಸೆರಗಿನಲ್ಲಿ ಸುತ್ತಿಕೊಂಡಳು. ಇಪ್ಪತ್ತು ವರ್ಷ ಸುತ್ತಿಕೊಂಡೇ ಇದ್ದಳು, ಇವತ್ತು ಬೆಳಿಗ್ಗೆ ಅತ್ತೆಯ ತಲೆ ಬಾಚುತ್ತಿರುವಾಗ ತಡೆಯಲಾಗಲಿಲ್ಲ, ಆ ಕೈ ನಂದೇ ಅತ್ತೆ, ಅಂದಳು. ಬಾಚಣಿಗೆ ನಿಂತಿತು. ಗೊತ್ತು ಕಣೇ, ಸ್ಕೇಲು ಯಾವತ್ತೋ ಹೇಳಿದ್ದ, ಶಾಪ ಹಾಕಿದ ದಿನವೆಲ್ಲ ನಿನಗೇ ಮೊದಲು ಬಡಿಸ್ತಿರಲಿಲ್ವಾ ನಾನು, ಜಡೆ ಬಿಗಿಯಾಗಿ ಹಾಕು, ಹೋಗು, ಈ ಸಲ ಪೂರ್ತಿ ಎಳಿ. ಇಷ್ಟೇ. ಅತ್ತೆ ಅಂದರೆ ಇವರು, ಅಳುವುದಕ್ಕೂ ಪುರುಸೊತ್ತು ಕೊಡುವುದಿಲ್ಲ.

ಸಿಕ್ಕಿತು, ಚೀಲದ ತಳದಲ್ಲಿ, ಹಸಿರು ಶಾಯಿಯ ಪೆನ್ನು. ಬಿಳಿ ಬಿಟ್ಟು ಸಹಿ ಹಾಕದಿದ್ದರೆ ನೆಲಮಾಳಿಗೆಯ ದಾಖಲೆ ಕೋಣೆಗೆ ವರ್ಗ ಅಂತ ಸಾಹೇಬರು ಮೊನ್ನೆಯೇ ಸೂಚ್ಯವಾಗಿ ಹೇಳಿ ಆಗಿದೆ, ಕಳಿಸಲಿ, ಅಲ್ಲೂ ಕುರ್ಚಿ ಇದೆ, ಹಲ್ಲಿಗಳಿವೆ, ಆ ಹಳೆಯ ಹದಿನಾಲ್ಕನೇ ಹಾಳೆಯೂ ಇದೆ, ಮುಖ ಕೊಟ್ಟು ನೋಡಬಹುದು ಇನ್ನು. ಈ ಅರ್ಧ ಇಂಚು ಗೆರೆ ಅಂದರೆ ಬೋಳು ನೆಲದಲ್ಲಿ ಎರಡು ಸಾಲು ಮರ, ಮೇಲೆ ಕೊಂಬೆ ಕೊಂಬೆ ಕೂಡಬೇಕು, ರಸ್ತೆಯ ಅಡಿಯಲ್ಲಿ ಮುಂಗುಸಿಗಳು ನುಸುಳಲು ಒಂದು ಒಣ ಮೋರಿ, ಮೇಲೆ ಜನ ದಾಟಲು ಎತ್ತರಿಸಿದ ಹಾದಿ, ಲಾರಿ ನಿಲ್ಲಲಿ, ಲಾರಿಗೇನು ಕಾಲು ನೋಯುತ್ತದೆಯೇ. ಹದಿನೈದನೇ ಹಾಳೆಯನ್ನು ಎಳೆದು ಹದಿನಾಲ್ಕರ ಅಂಚಿಗೆ ಅಂಟುವ ಹಾಗೆ ಜೋಡಿಸಿದಳು, ಮೂಲೆ ಏಳದಂತೆ ಮೊಣಕೈ ಊರಿದಳು, ಗೆರೆ ಎಳೆದಳು, ಕಾಲಿಂಚು ಇವಳದು, ಕಾಲಿಂಚು ಸ್ಕೇಲಿನದು, ಎರಡೂ ತಾನೇ, ಆಮೇಲೆ ಸಹಿ, ಕೆಳಗಿನ ಚೌಕದಲ್ಲಲ್ಲ, ಆ ಗೆರೆಯ ಪಕ್ಕದಲ್ಲೇ, ಎರಡು ಹಾಳೆಗೂ ಬೀಳುವ ಹಾಗೆ, ಹೆಸರಿನ ಅರ್ಧ ಇದರಲ್ಲಿ ಅರ್ಧ ಅದರಲ್ಲಿ, ಬೇರೆ ಮಾಡುವವರು ಇನ್ನು ಹೆಸರನ್ನೇ ಸೀಳಬೇಕು. ಏನಮ್ಮಾ ಮಾಡಿದ್ರಿ ಇದು, ಅಂದರು ಸಾಹೇಬರು. ಗೆರೆ ಸಭೆ ಒಪ್ಪಿದ್ದು ಸಾರ್, ಬಿಳಿ ಯಾರು ಒಪ್ಪಿದ್ದು, ಬರೆದು ಕೊಡಿ, ಈಗಲೇ ಅಳಿಸ್ತೀನಿ, ಅಂದಳು, ದನಿ ಇಷ್ಟು ದೊಡ್ಡದಿತ್ತೇ ತನ್ನದು. ಒಂಬತ್ತು ಲೋಟ ನಿಂತಲ್ಲೇ ನಿಂತಿವೆ, ಸಾಹೇಬರದು ಬಾಯಿಗೂ ಮೇಜಿಗೂ ನಡುವೆ, ಯಾರೂ ಪೆನ್ನು ತೆಗೆಯುತ್ತಿಲ್ಲ, ಶಾಯಿ ಹಸಿ ಇದೆ, ಊದಬಾರದು, ತಾನಾಗಿ ಒಣಗಬೇಕು, ಒಣಗುವ ತನಕ ಮೊಣಕೈ ತೆಗೆಯುವುದಿಲ್ಲ, ಏನಾದರಾಗಲಿ ತೆಗೆಯುವುದಿಲ್ಲ, ರಸ್ತೆಯಂಚು, ಚಪ್ಪಲಿಯಿಂದ ಅರ್ಧ ಜಾರಿದ ಅತ್ತೆಯ ಹಿಮ್ಮಡಿ, ಪಕ್ಕದಲ್ಲಿ ಮುಂಗುಸಿ, ಆ ಕಡೆ ನೋಡಿತು, ಈ ಕಡೆ ನೋಡಿತು, ಇಡು, ಇಟ್ಟು ನೋಡು, ಎತ್ತಿದ ಕಾಲು, ಎತ್ತಿದ ಆ ಕಾಲು —